ನಿದ್ರೆಯಲ್ಲಿ ಇಳಿಯುವ ಪ್ರಾಣವಾಯು

ನಿದ್ರೆಯೆಂದರೆ ವಿಶ್ರಾಂತಿಯೆಂಬುದು ನಮ್ಮೆಲ್ಲರ ನಂಬಿಕೆ. ಕೈಕಾಲುಗಳಿಗೆ ಅದು ನಿಜ. ಕಣ್ಣು ಕಿವಿಗಳಿಗೂ ಬಹುಮಟ್ಟಿಗೆ ನಿಜ. ಆದರೆ ಉಸಿರಾಟದ ಅಂಗಗಳಿಗೆ ರಾತ್ರಿಯ ರಜೆಯೆಂಬುದಿಲ್ಲ. ನಾವು ಮಲಗಿರುವ ಏಳೆಂಟು ಗಂಟೆಗಳ ಕಾಲ ಅವು ಹಗಲಿನ ಕೆಲಸವನ್ನೇ, ಹಗಲಿಗಿಂತ ಕಡಮೆ ಆಳುಗಳನ್ನಿಟ್ಟುಕೊಂಡು, ನಡೆಯಿಸಬೇಕಾಗುತ್ತದೆ. ಆರೋಗ್ಯವಂತನಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಬಹುಕಾಲದಿಂದ ಶ್ವಾಸಕೋಶದ ಬೇನೆಯಲ್ಲಿ ನರಳುತ್ತಿರುವವನ ಸಂಗತಿಯೇ ಬೇರೆ. ಅವನ ರಕ್ತದಲ್ಲಿರುವ ಪ್ರಾಣವಾಯುವಿನ ಪ್ರಮಾಣವು ರಾತ್ರಿಯ ಕೆಲವು ವೇಳೆಗಳಲ್ಲಿ, ಹಗಲು ಎಂದೂ ಕಾಣದಷ್ಟು ಕೆಳಮಟ್ಟಕ್ಕೆ ಇಳಿಯುವುದುಂಟು. ರೋಗಿಯು ನಿದ್ರೆಯಲ್ಲಿರುವುದರಿಂದ ಅವನಿಗೆ ಅದು ತಿಳಿಯದು. ಮನೆಯವರೂ ನಿದ್ರೆಯಲ್ಲಿರುವುದರಿಂದ ಅವರಿಗೂ ತಿಳಿಯದು. ವೈದ್ಯರು ಪರೀಕ್ಷಿಸುವುದು ಹಗಲಿನಲ್ಲಾದುದರಿಂದ ಎಷ್ಟೋ ವೇಳೆ ಅವರಿಗೂ ತಿಳಿಯದೆ ಹೋಗುತ್ತದೆ. ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ; ಕಾಲೇಜಿನಲ್ಲಿ ಶರೀರಶಾಸ್ತ್ರವನ್ನು ಪಾಠ ಹೇಳುವವನು. ಆದುದರಿಂದ ಚಿಕಿತ್ಸೆಯನ್ನು ವಿಧಿಸುವುದು ನನ್ನ ಅಧಿಕಾರವಲ್ಲ; ಒಳಗೆ ನಡೆಯುವ ಕಾರ್ಯವು ಹೇಗೆ ನಡೆಯುತ್ತದೆಂಬುದನ್ನು ವಿವರಿಸಬಲ್ಲೆನಷ್ಟೆ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ೨೦೨೦ ಮತ್ತು ೨೦೨೧ರಲ್ಲಿ ಕೊರೋನಾ ವ್ಯಾಧಿ ಹಬ್ಬಿದಾಗ, ಬೆರಳಿಗೆ ಸಿಕ್ಕಿಸಿ ನೋಡುವ ಪಲ್ಸ್ ಆಕ್ಸಿಮೀಟರ್ ಎಂಬ ಸಣ್ಣ ಯಂತ್ರವು ನಮ್ಮ ನಗರಗಳ ಎಷ್ಟೋ ಮನೆಗಳನ್ನು ಸೇರಿತು. ಥರ್ಮಾಮೀಟರಿನ ಪಕ್ಕದಲ್ಲಿ ಅದಕ್ಕೂ ಒಂದು ಸ್ಥಾನ ದೊರೆಯಿತು. ಕೆಲವರು ಪ್ರಾಣವಾಯುವನ್ನು ಒದಗಿಸುವ ಕಾನ್ಸಂಟ್ರೇಟರ್ ಯಂತ್ರವನ್ನೂ ಕೊಂಡರು. ವ್ಯಾಧಿಯ ಹಾವಳಿ ಅಡಗಿತು, ಯಂತ್ರಗಳು ಉಳಿದುವು. ಈಗ ಮನೆಯಲ್ಲಿ ಹಳೆಯ ಕೆಮ್ಮು ದಮ್ಮುಗಳ ಹಿರಿಯರೊಬ್ಬರಿದ್ದರೆ, ಮಕ್ಕಳು ಆಗಾಗ ಅವರ ಬೆರಳಿಗೆ ಆಕ್ಸಿಮೀಟರನ್ನು ಸಿಕ್ಕಿಸಿ, ೯೩ ಎಂದು ಕಂಡರೆ ಸಮಾಧಾನಪಟ್ಟುಕೊಳ್ಳುತ್ತಾರೆ. ೮೬ ಎಂದು ಕಂಡರೆ ಗಾಬರಿಯಾಗಿ ಕಾನ್ಸಂಟ್ರೇಟರಿನ ತಿರುಪನ್ನು ತಿರುಗಿಸುತ್ತಾರೆ. ಆ ಸಮಾಧಾನಕ್ಕೂ ಈ ಗಾಬರಿಗೂ ಎಷ್ಟರಮಟ್ಟಿಗೆ ಆಧಾರವಿದೆಯೆಂಬುದನ್ನು ವಿಚಾರಿಸುವುದು ಅವಶ್ಯಕ.

ಮೊದಲು ರೋಗದ ಮಾತು. ಗೂರಲು, ಉಬ್ಬಸ, ದಮ್ಮು ಎಂದು ಜನರು ಒಟ್ಟಾಗಿ ಕರೆಯುವ ಬೇನೆಗಳಲ್ಲಿ ಬಗೆಗಳುಂಟು. ಆಸ್ತಮಾ ಎಂಬುದು ಬಂದು ಹೋಗುವ ಸ್ವಭಾವದ್ದು. ನಾನು ಹೇಳಹೊರಟಿರುವುದು ಬಂದು ನೆಲಸಿ, ವರ್ಷದಿಂದ ವರ್ಷಕ್ಕೆ ಬೇರೂರುವಂಥದು. ವೈದ್ಯರು ಚೀಟಿಯಲ್ಲಿ ಸಿ.ಓ.ಪಿ.ಡಿ. ಎಂದು ನಾಲ್ಕಕ್ಷರಗಳಲ್ಲಿ ಬರೆಯುವುದು ಇದನ್ನೇ. ಇದರಲ್ಲಿ ಎರಡು ಬಗೆಯ ಕೆಡಕು ಸೇರಿರುತ್ತದೆ. ಒಂದು, ಗಾಳಿಯು ಹೋಗಿಬರುವ ಸಣ್ಣ ಕೊಳವೆಗಳು ಬಾತು, ಕಫದಿಂದ ಕಿರಿದಾಗುವುದು. ಇನ್ನೊಂದು, ಆ ಕೊಳವೆಗಳ ತುದಿಯಲ್ಲಿರುವ ಸೂಕ್ಷ್ಮವಾದ ಗಾಳಿಗೂಡುಗಳ ಗೋಡೆಗಳು ಕರಗಿ, ಹತ್ತು ಗೂಡುಗಳಿದ್ದ ಕಡೆ ಒಂದೇ ದೊಡ್ಡ ಪೊಳ್ಳಾಗುವುದು. ಸ್ಟೆತಾಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ೧೮೧೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎರಡನೆಯ ಕೆಡಕನ್ನು ವರ್ಣಿಸಿದ್ದಾನೆ. ಸತ್ತವರ ಎದೆಯನ್ನು ತೆರೆದಾಗ ಕುಗ್ಗಬೇಕಾಗಿದ್ದ ಶ್ವಾಸಕೋಶವು ಕುಗ್ಗದೆ ಉಬ್ಬಿಕೊಂಡೇ ಇರುವುದನ್ನು ಅವನು ಕಂಡನು. ಒಳಗೆ ಹೋದ ಗಾಳಿಯು ಪೂರ್ತಿಯಾಗಿ ಹೊರಕ್ಕೆ ಬಾರದೆ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಬದುಕಿರುವ ರೋಗಿಯಲ್ಲಿ ಎದೆಯು ಗುಡಾಣದ ಹಾಗೆ ದುಂಡಗಾಗಿರುವುದನ್ನು ತಾವು ನೋಡಿರಬಹುದು.

ಇದಕ್ಕೆ ಮುಖ್ಯ ಕಾರಣ ಬೀಡಿ ಸಿಗರೇಟುಗಳ ಹೊಗೆಯೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ನಮ್ಮ ದೇಶದಲ್ಲಿ ಇಷ್ಟನ್ನೇ ಹೇಳಿ ಸುಮ್ಮನಾಗುವುದು ಅನ್ಯಾಯ. ೧೯೫೯ರಲ್ಲಿ ದೆಹಲಿಯ ಹೃದ್ರೋಗತಜ್ಞೆ ಎಸ್. ಪದ್ಮಾವತಿಯವರು, ಶ್ವಾಸಕೋಶದ ಬೇನೆಯಿಂದ ಹೃದಯವು ಕೆಟ್ಟ ೧೨೭ ಮಂದಿ ರೋಗಿಗಳನ್ನು ಕುರಿತು ಸಹೋದ್ಯೋಗಿಯೊಬ್ಬರೊಡನೆ ಒಂದು ಲೇಖನವನ್ನು ಪ್ರಕಟಿಸಿದರು. ಹೊಗೆಸೊಪ್ಪನ್ನು ಸೇದುವ ಅಭ್ಯಾಸ ಹೆಂಗಸರಲ್ಲಿ ವಿರಳವಾಗಿದ್ದರೂ ರೋಗ ಮಾತ್ರ ಗಂಡಸರಿಗೆ ಸರಿಸಮವಾಗಿ ಅವರಲ್ಲಿಯೂ ಕಂಡಿತು. ಸೌದೆ ಬೆರಣಿಗಳ ಒಲೆಯ ಮುಂದೆ ಊದುಕೊಳವೆ ಹಿಡಿದು ಕುಳಿತ ವರ್ಷಗಳ ಲೆಕ್ಕ ಅಲ್ಲಿ ಬಂದಿತು. ಅಡುಗೆಯ ಗ್ಯಾಸು ಈಗ ಮನೆಮನೆಗೂ ಬಂದಿರಬಹುದು. ಆದರೆ ಹಿಂದೆ ಮೂವತ್ತು ನಲವತ್ತು ವರ್ಷ ಹೊಗೆಯನ್ನು ಕುಡಿದ ಶ್ವಾಸಕೋಶವು ಒಲೆಯನ್ನು ಬದಲಾಯಿಸಿದ ಮಾತ್ರಕ್ಕೆ ಹೊಸದಾಗುವುದಿಲ್ಲ. ಒಂದು ದಿನವೂ ಬೀಡಿಯನ್ನು ಮುಟ್ಟದ ನಮ್ಮ ಅಜ್ಜಿಯರಿಗೆ ಈ ಬೇನೆ ಏಕೆ ಬಂದಿತೆಂದು ಕೇಳುವವರು ಅಡುಗೆಮನೆಯ ಹಳೆಯ ಗೋಡೆಗಳನ್ನು ನೋಡಿದರೆ ಸಾಕು.

ಇನ್ನು ರಕ್ತದ ಮಾತು. ಗಾಳಿಗೂಡುಗಳಲ್ಲಿರುವ ಪ್ರಾಣವಾಯುವಿಗೆ ಒಂದು ಒತ್ತಡವುಂಟು. ಅದನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ರಕ್ತದ ಕೆಂಪು ಕಣಗಳಲ್ಲಿರುವ ಹೆಮೊಗ್ಲೋಬಿನ್ ಎಂಬ ವಸ್ತುವು ಈ ಒತ್ತಡಕ್ಕೆ ತಕ್ಕಂತೆ ಪ್ರಾಣವಾಯುವನ್ನು ತುಂಬಿಕೊಳ್ಳುತ್ತದೆ. ನೂರು ಪಾಲಿನಲ್ಲಿ ಎಷ್ಟು ಪಾಲು ತುಂಬಿದೆಯೆಂಬುದೇ ಆಕ್ಸಿಮೀಟರು ತೋರಿಸುವ ಅಂಕಿ. ಒತ್ತಡವೇ ಬೇರೆ, ತುಂಬಿದ ಪಾಲೇ ಬೇರೆ. ಈ ಭೇದವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಎರಡಕ್ಕೂ ಇರುವ ಸಂಬಂಧವನ್ನು ೧೯೦೪ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಎಂಬ ವಿದ್ವಾಂಸನು ತನ್ನ ಇಬ್ಬರು ಸಹಾಯಕರೊಡನೆ ಅಳೆದು ಒಂದು ರೇಖೆಯಾಗಿ ಬರೆದು ತೋರಿಸಿದನು. ಆ ರೇಖೆ ನೇರವಾಗಿಲ್ಲ. ಅದರ ಮೇಲ್ಭಾಗ ಬಹುದೂರದವರೆಗೆ ಮಟ್ಟಸ. ಅನಂತರ ಒಮ್ಮೆಗೇ ಇಳಿಜಾರು.

ತರಗತಿಯಲ್ಲಿ ಈ ರೇಖೆಯನ್ನು ಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿಗಳು ಆಕಳಿಸುತ್ತಾರೆ. ಆಗ ನಾನು ಅವರನ್ನು ಆಗುಂಬೆಗೆ ಕರೆದುಕೊಂಡು ಹೋಗುತ್ತೇನೆ. ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಮಾರ್ಗವಾಗಿ ಪಶ್ಚಿಮಕ್ಕೆ ಹೊರಟವನು ಹತ್ತು ಮೈಲಿ ಹೋದರೂ ಇಪ್ಪತ್ತು ಮೈಲಿ ಹೋದರೂ ಎತ್ತರದ ನೆಲದ ಮೇಲೆಯೇ ಇರುತ್ತಾನೆ. ಆಗುಂಬೆಯನ್ನು ದಾಟಿದನೋ ಇಲ್ಲವೋ, ನೆಲವೇ ಕಾಲ ಕೆಳಗಿನಿಂದ ಜಾರಿದಂತಾಗಿ, ತಿರುವು ತಿರುವಾದ ಘಾಟಿಯಲ್ಲಿ ಇಳಿದು ಸ್ವಲ್ಪ ಹೊತ್ತಿಗೆಲ್ಲ ಸೋಮೇಶ್ವರದ ತಗ್ಗಿನಲ್ಲಿರುತ್ತಾನೆ. ಬೋರನ ರೇಖೆಯೂ ಹಾಗೆಯೇ. ಆರೋಗ್ಯವಂತನ ರಕ್ತದಲ್ಲಿ ಪ್ರಾಣವಾಯುವಿನ ಒತ್ತಡ ಸುಮಾರು ೯೫; ತುಂಬಿದ ಪಾಲು ೯೭. ಅವನ ಒತ್ತಡ ಹತ್ತು ಮಿಲಿಮೀಟರು ತಗ್ಗಿದರೂ ಪಾಲು ೯೬ರ ಹತ್ತಿರವೇ ನಿಲ್ಲುತ್ತದೆ. ಅವನಿನ್ನೂ ಶಿವಮೊಗ್ಗೆಯ ಆಸುಪಾಸಿನಲ್ಲಿದ್ದಾನೆ. ರೋಗಿಯ ಒತ್ತಡ ಹಗಲಿನಲ್ಲೇ ೬೦ ಇದ್ದರೆ, ಪಾಲು ಸುಮಾರು ೯೦. ನೋಡುವವರಿಗೆ ೯೭ಕ್ಕೂ ೯೦ಕ್ಕೂ ಏನು ಮಹಾ ಅಂತರವೆನಿಸಬಹುದು. ಆದರೆ ಅವನು ನಿಂತಿರುವುದು ಆಗುಂಬೆಯ ಅಂಚಿನಲ್ಲಿ. ಅದೇ ಹತ್ತು ಮಿಲಿಮೀಟರು ಇಳಿದರೆ ಅವನ ಪಾಲು ೮೫ರ ಸುಮಾರಿಗೆ ಬರುತ್ತದೆ. ಇನ್ನು ಹತ್ತು ಇಳಿದರೆ ೭೫. ಇಬ್ಬರೂ ಇಟ್ಟ ಹೆಜ್ಜೆಗಳು ಅಷ್ಟೇ. ಒಬ್ಬನು ಬಯಲಿನಲ್ಲಿ ಇಟ್ಟನು, ಇನ್ನೊಬ್ಬನು ಘಾಟಿಯಲ್ಲಿ ಇಟ್ಟನು.

ಊರಿನ ಎತ್ತರವೂ ಈ ಲೆಕ್ಕದಲ್ಲಿ ಸೇರುತ್ತದೆ. ಮಂಗಳೂರಿನ ಕಡಲ ತೀರದಲ್ಲಿ ಗಾಳಿಯ ಒತ್ತಡ ೭೬೦ ಮಿಲಿಮೀಟರಾದರೆ, ಬೆಂಗಳೂರಿನಲ್ಲಿ ಸುಮಾರು ೬೮೦. ಉದಕಮಂಡಲದಲ್ಲಿ ೫೮೦ರ ಹತ್ತಿರ. ಬೇಸಗೆಯಲ್ಲಿ ತಂಪಿಗೆಂದು ಇಂಥ ರೋಗಿಯನ್ನು ಬೆಟ್ಟದ ಮೇಲಕ್ಕೆ ಕರೆದೊಯ್ಯುವ ಮಕ್ಕಳ ಪ್ರೀತಿ ದೊಡ್ಡದು. ಆದರೆ ಹೊರಡುವ ಮುನ್ನ ವೈದ್ಯರನ್ನು ಒಂದು ಮಾತು ಕೇಳುವುದು ಲೇಸು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಿದ್ರೆಯಲ್ಲಿ ಒತ್ತಡವು ಇಳಿಯುವುದೇತಕ್ಕೆ?

ಎಚ್ಚರವಾಗಿರುವಾಗ ನಮ್ಮ ಉಸಿರನ್ನು ಎರಡು ಶಕ್ತಿಗಳು ನಡೆಯಿಸುತ್ತವೆ. ಒಂದು ಎಚ್ಚರವೇ. ಮಾತು, ಓಡಾಟ, ಚಿಂತೆ, ಬೀದಿಯ ಸದ್ದು ಇವೆಲ್ಲ ಮಿದುಳನ್ನು ತಟ್ಟುತ್ತ ಉಸಿರನ್ನು ಹುರಿದುಂಬಿಸುತ್ತಿರುತ್ತವೆ. ಎರಡನೆಯದು ರಕ್ತದಲ್ಲಿ ಸೇರುವ ಇಂಗಾಲಾಮ್ಲ ವಾಯು. ಈಗಿನ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಇಂಗಾಲದ ಡೈ ಆಕ್ಸೈಡ್ ಎಂದು ಹೆಸರು. ಇದು ಸ್ವಲ್ಪ ಏರಿದರೂ ಮಿದುಳಿನ ಬುಡದಲ್ಲಿರುವ ಉಸಿರಿನ ಕೇಂದ್ರವು ಚುರುಕಾಗಿ, ಉಸಿರು ಆಳವಾಗುತ್ತದೆಂಬುದನ್ನು ಇಂಗ್ಲೆಂಡಿನ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬವರು ೧೯೦೫ರಲ್ಲಿ ತೋರಿಸಿಕೊಟ್ಟರು. ನಿದ್ರೆ ಹತ್ತಿದ ಕೂಡಲೆ ಮೊದಲನೆಯ ಶಕ್ತಿಯು ಇಲ್ಲವಾಗುತ್ತದೆ, ಎರಡನೆಯದು ಮಂದವಾಗುತ್ತದೆ. ಆದುದರಿಂದ ಉಸಿರಿನ ಗಾತ್ರ ತಗ್ಗಿ, ಇಂಗಾಲಾಮ್ಲದ ಒತ್ತಡ ಕೆಲವು ಮಿಲಿಮೀಟರು ಏರುತ್ತದೆ. ಪ್ರಾಣವಾಯುವಿನ ಒತ್ತಡ ಅಷ್ಟಿಷ್ಟು ಇಳಿಯುತ್ತದೆ. ಇದು ನಮಗೂ ನಿಮಗೂ ಪ್ರತಿ ರಾತ್ರಿ ನಡೆಯುವ ಸಂಗತಿ. ಇದರ ಜೊತೆಗೆ, ಅಂಗಾತ ಮಲಗಿದಾಗ ಹೊಟ್ಟೆಯ ಅಂಗಗಳು ಎದೆಯ ಕಡೆಗೆ ಒತ್ತುವುದರಿಂದ ಶ್ವಾಸಕೋಶದ ಕೆಳಭಾಗದಲ್ಲಿ ಗಾಳಿಯಾಡುವುದು ಕಡಮೆಯಾಗುತ್ತದೆ. ಕೆಮ್ಮು ಸಹ ನಿದ್ರೆಯಲ್ಲಿ ಅಡಗುವುದರಿಂದ ಕಫವು ಅಲ್ಲಲ್ಲೇ ನಿಲ್ಲುತ್ತದೆ.

ಆದರೆ ನಿಜವಾದ ತಗ್ಗುಗಳು ಬೀಳುವುದು ಇಡೀ ರಾತ್ರಿಯಲ್ಲಿ ಸಮನಾಗಿ ಅಲ್ಲ. ೧೯೫೩ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು, ಮಲಗಿದವರ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಕೆಲವು ಹೊತ್ತಿನಲ್ಲಿ ಬಹು ವೇಗವಾಗಿ ಓಡಾಡುವುದನ್ನು ಕಂಡು, ಅದೇ ಕನಸುಗಳು ಹೆಚ್ಚಾಗಿ ಬೀಳುವ ಕಾಲವೆಂದು ತಿಳಿಸಿದರು. ಈ ಕನಸಿನ ನಿದ್ರೆ ರಾತ್ರಿಯಲ್ಲಿ ನಾಲ್ಕೈದು ಬಾರಿ ಬರುತ್ತದೆ. ಮೊದಲು ಬರುವುದು ಕೆಲವೇ ನಿಮಿಷ. ಬೆಳಗಿನ ಜಾವದ ಹೊತ್ತಿಗೆ ಅದು ದೀರ್ಘವಾಗುತ್ತದೆ. ಆ ವೇಳೆಯಲ್ಲಿ ಪ್ರಕೃತಿಯು ಒಂದು ವಿಚಿತ್ರವಾದ ಏರ್ಪಾಟನ್ನು ಮಾಡಿದೆ. ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದು ಓಡದಿರಲೆಂದೋ ಏನೋ, ಮೈಯ ಮಾಂಸಖಂಡಗಳೆಲ್ಲ ಸಡಿಲವಾಗಿಬಿಡುತ್ತವೆ. ಪಕ್ಕೆಲುಬುಗಳ ನಡುವಣ ಖಂಡಗಳೂ ಕುತ್ತಿಗೆಯ ಖಂಡಗಳೂ ಈ ಸಡಿಲಿಕೆಯಲ್ಲಿ ಸೇರುತ್ತವೆ. ಉಸಿರಿನ ಆಳುಗಳಲ್ಲಿ ಕೆಲಸದ ಮೇಲೆ ಉಳಿಯುವುದು ಒಂದೇ: ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ.

ಆರೋಗ್ಯವಂತನಿಗೆ ಅದೊಂದೇ ಸಾಕು. ಅವನ ವಪೆಯು ಕವುಚಿಟ್ಟ ಬೋಗುಣಿಯಂತೆ ಮೇಲಕ್ಕೆ ಉಬ್ಬಿರುತ್ತದೆ. ಬಿಗಿದಾಗ ಕೆಳಕ್ಕೆ ಇಳಿದು ಎದೆಯ ಅವಕಾಶವನ್ನು ಹಿಗ್ಗಿಸುತ್ತದೆ. ರೋಗಿಯ ಎದೆಯಲ್ಲಿ ಸಿಕ್ಕಿಕೊಂಡಿರುವ ಗಾಳಿಯು ಅದನ್ನು ಮೊದಲೇ ಕೆಳಕ್ಕೆ ಒತ್ತಿಬಿಟ್ಟಿದೆ. ಬೋಗುಣಿಯು ತಟ್ಟೆಯಾಗಿದೆ. ತಟ್ಟೆಯು ಇನ್ನೆಲ್ಲಿಗೆ ಇಳಿದೀತು? ಅದು ಬಿಗಿದರೆ ಕೆಳಗಿನ ಪಕ್ಕೆಲುಬುಗಳನ್ನು ಒಳಕ್ಕೆ ಎಳೆಯುತ್ತದೆಯೇ ಹೊರತು ಗಾಳಿಯನ್ನು ಹೆಚ್ಚಾಗಿ ಎಳೆದುಕೊಳ್ಳಲಾರದು. ಹಗಲು ಈ ರೋಗಿಯು ಬದುಕುವುದು ಕುತ್ತಿಗೆಯ ಮತ್ತು ಪಕ್ಕೆಯ ಖಂಡಗಳ ಸಹಾಯದಿಂದ. ಮೆಟ್ಟಲು ಹತ್ತಿ ಬಂದು, ಮೇಜಿನ ಮೇಲೆ ಕೈಯೂರಿ, ಭುಜವನ್ನೆತ್ತಿ ಉಸಿರೆಳೆಯುವ ಮುದುಕರನ್ನು ನೆನೆದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಕನಸಿನ ನಿದ್ರೆಯು ಕಸಿದುಕೊಳ್ಳುವುದು ಆ ಸಹಾಯಕರನ್ನೇ. ೧೯೭೯ರಲ್ಲಿ ಎಡಿನ್‌ಬರೋ ನಗರದ ಡಗ್ಲಸ್, ಫ್ಲೆನ್ಲಿ ಮೊದಲಾದ ವೈದ್ಯರು ಇಂಥ ರೋಗಿಗಳನ್ನು ನಿದ್ರೆಯಲ್ಲಿ ಅಳೆದು ನೋಡಿ, ಪ್ರಾಣವಾಯುವಿನ ಆಳವಾದ ತಗ್ಗುಗಳು ಕನಸಿನ ನಿದ್ರೆಗೆ ಹೊಂದಿಕೊಂಡೇ ಬರುವುದನ್ನು ವರದಿ ಮಾಡಿದರು.

ನನ್ನ ಹಿರಿಯ ಮಿತ್ರರೊಬ್ಬರು, ನಿವೃತ್ತ ಮುಖ್ಯೋಪಾಧ್ಯಾಯರು, ಹಗಲು ಆಕ್ಸಿಮೀಟರಿನಲ್ಲಿ ೯೧ ತೋರಿಸುತ್ತಿದ್ದವರು. ವೈದ್ಯರ ಬಳಿಗೆ ಹೋದಾಗ ಅವರ ಪತ್ನಿ, ತೀರ ಸಣ್ಣ ಸಂಗತಿಯೆಂಬಂತೆ, “ಇವರು ಬೆಳಗಿನ ಜಾವ ನಾಲ್ಕಕ್ಕೆಲ್ಲ ಎದ್ದು ಕೂತುಬಿಡ್ತಾರೆ ಡಾಕ್ಟರೇ, ತಲೆ ಭಾರ ಅಂತಾರೆ. ಕಾಫಿ ಕೊಟ್ಟರೆ ಸರಿಹೋಗುತ್ತೆ” ಎಂದರು. ವೈದ್ಯರು ನಕ್ಕು, “ಕಾಫಿಯಿಂದ ಅಲ್ಲಮ್ಮ, ಎಚ್ಚರವಾದದ್ದರಿಂದ ಸರಿಹೋಗುತ್ತೆ” ಎಂದು, ಒಂದು ರಾತ್ರಿಯ ಮಟ್ಟಿಗೆ ಅಂಕಿಗಳನ್ನು ಬರೆದಿಟ್ಟುಕೊಳ್ಳುವ ಆಕ್ಸಿಮೀಟರನ್ನು ಕೊಟ್ಟು ಕಳುಹಿಸಿದರು. ಮರುದಿನ ಕಾಗದದ ಮೇಲೆ ಬಂದ ಗೆರೆಯನ್ನು ನಾನು ನೋಡಿದೆ. ಮಧ್ಯರಾತ್ರಿಯವರೆಗೆ ೮೮ರ ಆಸುಪಾಸಿನಲ್ಲಿ ಓಡಿದ ಗೆರೆ, ಎರಡೂವರೆಯ ಅನಂತರ ಮೂರು ಕಣಿವೆಗಳಾಗಿ ಬಿದ್ದಿತ್ತು. ಕಡೆಯ ಕಣಿವೆಯ ತಳ ೭೨. ಅದಾದ ಕೆಲವು ನಿಮಿಷಕ್ಕೆ ಅವರು ಎದ್ದು ಕುಳಿತಿದ್ದರು. ಹತ್ತು ವರ್ಷಗಳ ಪಾಠದಲ್ಲಿ ನಾನು ಬಾಯಿಂದ ಹೇಳುತ್ತಿದ್ದುದೆಲ್ಲ ಆ ಒಂದು ಕಾಗದದಲ್ಲಿತ್ತು. ರಾತ್ರಿಯಲ್ಲಿ ಏರಿದ ಇಂಗಾಲಾಮ್ಲವು ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಳಗಿನ ತಲೆನೋವು ಬರುತ್ತದೆ; ಎಚ್ಚರಗೊಂಡು ಉಸಿರು ಸರಿಯಾದೊಡನೆ ಅದು ಇಳಿಯುತ್ತದೆ. ಕೀರ್ತಿ ಮಾತ್ರ ಕಾಫಿಗೆ ಸಲ್ಲುತ್ತದೆ.

ಈ ತಗ್ಗುಗಳಿಂದ ಆಗುವ ಕೇಡೇನು? ೧೯೪೬ರಲ್ಲಿ ಸ್ವೀಡನ್ನಿನ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಎಂಬವರು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ಕೌತುಕವನ್ನು ಕಂಡರು. ಮೈಯ ಇತರ ಕಡೆಗಳಲ್ಲಿ ಪ್ರಾಣವಾಯು ಕಡಮೆಯಾದರೆ ರಕ್ತನಾಳಗಳು ಹಿಗ್ಗುತ್ತವೆ. ಶ್ವಾಸಕೋಶದಲ್ಲಿ ಮಾತ್ರ ಕುಗ್ಗುತ್ತವೆ. ಇದರಲ್ಲಿ ವಿವೇಕವಿದೆ. ಯಾವ ಮೂಲೆಯಲ್ಲಿ ಗಾಳಿಯಿಲ್ಲವೋ ಆ ಮೂಲೆಗೆ ರಕ್ತವನ್ನು ಕಳುಹಿಸಿ ಫಲವೇನು? ಒಳ್ಳೆಯ ಭಾಗಕ್ಕೆ ತಿರುಗಿಸುವುದೇ ಸರಿ. ಆದರೆ ಇಡೀ ಶ್ವಾಸಕೋಶದಲ್ಲಿಯೇ ಕೊರತೆಯಾದಾಗ ಎಲ್ಲ ನಾಳಗಳೂ ಕುಗ್ಗಿ, ರಕ್ತವನ್ನು ಅಲ್ಲಿಗೆ ನೂಕುವ ಹೃದಯದ ಬಲಭಾಗಕ್ಕೆ ಭಾರ ಬೀಳುತ್ತದೆ. ವರ್ಷಗಟ್ಟಲೆ ಹೀಗಾದರೆ ಅದು ಸೋಲುತ್ತದೆ, ಪಾದಗಳು ಬಾತುಕೊಳ್ಳುತ್ತವೆ. ಇನ್ನೊಂದು ಕಡೆ, ಕೊರತೆಯನ್ನು ತುಂಬಲೆಂದು ದೇಹವು ಕೆಂಪು ಕಣಗಳನ್ನು ಹೆಚ್ಚು ಹೆಚ್ಚಾಗಿ ಹುಟ್ಟಿಸಿ ರಕ್ತವನ್ನು ಮಂದಗೊಳಿಸುತ್ತದೆ. ಹಗಲೂ ರಾತ್ರಿಯೂ ಕೊರತೆಯಿರುವವರಲ್ಲಿ ಇದು ನಿಸ್ಸಂದೇಹ. ಹಗಲು ಸರಿಯಾಗಿದ್ದು ರಾತ್ರಿ ಮಾತ್ರ ಇಳಿಯುವವರಲ್ಲಿಯೂ ಇಷ್ಟೇ ಕೇಡಾಗುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು.

ಅಳೆಯುವ ಯಂತ್ರದ ಬಗ್ಗೆಯೂ ಎರಡು ಮಾತು ಹೇಳಬೇಕು. ಇದರ ತತ್ತ್ವವನ್ನು ೧೯೭೪ರಲ್ಲಿ ಹೊರಗೆಡವಿದವರು ಜಪಾನಿನ ನಿಹೋನ್ ಕೋಡೆನ್ ಸಂಸ್ಥೆಯ ಎಂಜಿನಿಯರ್ ತಕುವೋ ಅಓಯಾಗಿ. ಅವರು ಬೇರೊಂದನ್ನು, ಎಂದರೆ ಹೃದಯವು ಹೊರಹಾಕುವ ರಕ್ತದ ಪ್ರಮಾಣವನ್ನು, ಬೆಳಕಿನಿಂದ ಅಳೆಯಲು ಹೊರಟಿದ್ದರು. ನಾಡಿಯ ಮಿಡಿತವು ಅವರ ಗೆರೆಯನ್ನು ಪದೇ ಪದೇ ಕೆಡಿಸುತ್ತಿತ್ತು. ಆ ಮಿಡಿತವನ್ನೇ ಉಪಯೋಗಿಸಿಕೊಂಡರೆ ಅಪಧಮನಿಯ ರಕ್ತವೊಂದನ್ನೇ ಪ್ರತ್ಯೇಕಿಸಿ ನೋಡಬಹುದೆಂದು ಅವರಿಗೆ ಹೊಳೆಯಿತು. ಕೆಂಪು ಬೆಳಕು ಒಂದು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಒಂದು. ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ಎಷ್ಟೆಷ್ಟು ಹೀರಲ್ಪಟ್ಟಿತೆಂಬುದನ್ನು ಹೋಲಿಸಿ ಯಂತ್ರವು ಅಂಕಿಯನ್ನು ಹೇಳುತ್ತದೆ. ಬೆರಳು ತಣ್ಣಗಿದ್ದರೆ, ಕೈ ಅಲುಗಿದರೆ, ಉಗುರಿಗೆ ಗಾಢವಾದ ಬಣ್ಣವಿದ್ದರೆ ಅಂಕಿ ತಪ್ಪುತ್ತದೆ. ೨೦೨೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಯಂತ್ರವು ೯೨ರಿಂದ ೯೬ರವರೆಗೆ ತೋರಿಸುತ್ತಿದ್ದರೂ ಅಪಧಮನಿಯ ರಕ್ತದಲ್ಲಿ ನಿಜವಾಗಿ ೮೮ಕ್ಕಿಂತ ಕಡಮೆಯಿದ್ದ ಪ್ರಸಂಗಗಳು ಬಿಳಿಯರಲ್ಲಿ ನೂರಕ್ಕೆ ೩.೬, ಕಪ್ಪು ಜನರಲ್ಲಿ ೧೧.೭ ಎಂದು ತಿಳಿದುಬಂದಿತು. ಚರ್ಮದ ಬಣ್ಣವು ಬೆಳಕನ್ನು ಹೀರುವುದರಿಂದ ಆಗುವ ತಪ್ಪಿದು. ನಮ್ಮ ನಾಡಿನವರು ಉದಾಸೀನ ಮಾಡತಕ್ಕ ಮಾತಲ್ಲ. ಮತ್ತೂ ಮುಖ್ಯವಾದ ಕೊರತೆಯೆಂದರೆ, ಆಕ್ಸಿಮೀಟರು ಇಂಗಾಲಾಮ್ಲವನ್ನು ಕುರಿತು ಒಂದಕ್ಷರವನ್ನೂ ಹೇಳದು. ಅದಕ್ಕೆ ಅಪಧಮನಿಯಿಂದ ರಕ್ತ ತೆಗೆದು ನೋಡಬೇಕು.

ಹಾಗಾದರೆ ರಾತ್ರಿ ಹೊತ್ತು ಎಲ್ಲರಿಗೂ ಪ್ರಾಣವಾಯುವನ್ನು ಕೊಟ್ಟುಬಿಟ್ಟರಾಯಿತಲ್ಲವೇ? ಇದು ಸಹಜವಾದ ಪ್ರಶ್ನೆ. ಉತ್ತರ ಅಷ್ಟು ಸುಲಭವಾಗಿಲ್ಲ. ಹಗಲಿನಲ್ಲಿಯೂ ಒತ್ತಡ ಬಹಳ ಕಡಮೆಯಿರುವ ರೋಗಿಗಳ ಬಗ್ಗೆ ಎರಡು ಪ್ರಸಿದ್ಧ ಪರೀಕ್ಷೆಗಳು ನಡೆದಿವೆ. ಬ್ರಿಟನ್ನಿನಲ್ಲಿ ನಡೆದು ೧೯೮೧ರಲ್ಲಿ ಪ್ರಕಟವಾದುದರಲ್ಲಿ, ದಿನಕ್ಕೆ ರಾತ್ರಿಯೂ ಸೇರಿ ಹದಿನೈದು ಗಂಟೆ ಪ್ರಾಣವಾಯುವನ್ನು ಪಡೆದ ೪೨ ಮಂದಿಯಲ್ಲಿ ಐದು ವರ್ಷದೊಳಗೆ ೧೯ ಮಂದಿ ಸತ್ತರು. ಪಡೆಯದ ೪೫ ಮಂದಿಯಲ್ಲಿ ೩೦ ಮಂದಿ ಸತ್ತರು. ಅಮೆರಿಕದಲ್ಲಿ ೨೦೩ ಮಂದಿಯ ಮೇಲೆ ನಡೆದು ೧೯೮೦ರಲ್ಲಿ ಪ್ರಕಟವಾದುದರಲ್ಲಿ, ರಾತ್ರಿ ಮಾತ್ರ ಪಡೆದವರಿಗಿಂತ ಹಗಲೂ ರಾತ್ರಿಯೂ ಪಡೆದವರು ಹೆಚ್ಚು ಕಾಲ ಬದುಕಿದರು. ಹಗಲಿನ ಒತ್ತಡ ೫೫ ಅಥವಾ ಅದಕ್ಕೂ ಕೆಳಗಿದ್ದವರಿಗೆ ದೀರ್ಘಕಾಲದ ಪ್ರಾಣವಾಯುವನ್ನು ವಿಧಿಸುವ ಪದ್ಧತಿ ಬೇರೂರಿದುದು ಇವುಗಳಿಂದ. ಹೃದಯದ ಬಲಭಾಗ ಸೋತಿದ್ದರೆ ೫೯ರವರೆಗೂ ವಿಧಿಸುತ್ತಾರೆ.

ರಾತ್ರಿ ಮಾತ್ರ ಇಳಿಯುವವರ ವಿಷಯವನ್ನು ಕೆನಡಾದ ಲಕಾಸ್ ಮತ್ತು ಸಂಗಡಿಗರು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದರು. ಮಲಗಿರುವ ಕಾಲದ ನೂರಕ್ಕೆ ಮೂವತ್ತು ಪಾಲಾದರೂ ೯೦ಕ್ಕಿಂತ ಕೆಳಗಿರುವ ೨೪೩ ಮಂದಿಯನ್ನು ಆರಿಸಿ, ಅರ್ಧ ಜನಕ್ಕೆ ನಿಜವಾದ ಕಾನ್ಸಂಟ್ರೇಟರನ್ನೂ, ಉಳಿದವರಿಗೆ ಸಾಮಾನ್ಯ ಗಾಳಿಯನ್ನೇ ಊದುವ, ನೋಡಲು ಹಾಗೆಯೇ ಇರುವ ಯಂತ್ರವನ್ನೂ ಕೊಟ್ಟರು. ಮೂರು ವರ್ಷಗಳಲ್ಲಿ ಸತ್ತವರು ಅಥವಾ ಹಗಲೂ ಪ್ರಾಣವಾಯು ಬೇಕಾದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೩೯, ಎರಡನೆಯದರಲ್ಲಿ ೪೨. ಬೇಕಾದಷ್ಟು ಜನ ಸೇರದೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದುದರಿಂದ, ಪ್ರಯೋಜನವಿದೆಯೆಂದಾಗಲಿ ಇಲ್ಲವೆಂದಾಗಲಿ ಅದು ತೀರ್ಪು ಕೊಡಲಾರದೆ ಹೋಯಿತು. ಆದುದರಿಂದ ರಾತ್ರಿಯ ಒಂದು ಕಣಿವೆಯನ್ನು ಕಂಡು ಸಾಲ ಮಾಡಿ ಯಂತ್ರವನ್ನು ಕೊಳ್ಳುವವರು ಸ್ವಲ್ಪ ತಾಳಬೇಕೆಂಬುದು ನನ್ನ ಅಭಿಪ್ರಾಯ.

ತಾಳಬೇಕೆನ್ನುವುದಕ್ಕೆ ಹಣವೊಂದೇ ಕಾರಣವಲ್ಲ. ಇಂಗಾಲಾಮ್ಲವು ಮೊದಲೇ ಏರಿರುವ ರೋಗಿಗೆ ಮಿತಿಮೀರಿದ ಪ್ರಾಣವಾಯುವೇ ಅಪಾಯ. ಅದು ಸಿಕ್ಕಿದೊಡನೆ ಉಸಿರಿನ ಹುರುಪು ಕೊಂಚ ತಗ್ಗುತ್ತದೆ. ಆಯ್ಲರ್ ಕಂಡ ಕುಗ್ಗುವಿಕೆ ಸಡಿಲವಾಗಿ ರಕ್ತವು ಮತ್ತೆ ಗಾಳಿಯಿಲ್ಲದ ಮೂಲೆಗಳಿಗೆ ಹರಿಯುತ್ತದೆ. ಪ್ರಾಣವಾಯುವನ್ನು ತುಂಬಿಕೊಂಡ ಹೆಮೊಗ್ಲೋಬಿನ್ ತಾನು ಹೊತ್ತಿದ್ದ ಇಂಗಾಲಾಮ್ಲವನ್ನು ಕೆಳಗಿಳಿಸುತ್ತದೆ. ಮೂರೂ ಕೂಡಿ ಇಂಗಾಲಾಮ್ಲವನ್ನು ಮತ್ತಷ್ಟು ಏರಿಸುತ್ತವೆ; ರೋಗಿಗೆ ಮಂಪರು ಕವಿಯುತ್ತದೆ. ಬೆರಳಿನ ಅಂಕಿ ೯೮ ಎಂದು ತೋರಿಸುತ್ತಿರುವಾಗಲೇ, ಸುಖವಾಗಿ ನಿದ್ರೆ ಮಾಡುತ್ತಿದ್ದಾರೆಂದು ಮನೆಯವರು ನಂಬಿರುವಾಗಲೇ, ಹೀಗಾಗಬಹುದು. ೧೯೬೦ರಲ್ಲಿ ಕ್ಯಾಂಬೆಲ್ ಎಂಬ ಇಂಗ್ಲಿಷ್ ವೈದ್ಯನು ಅಳೆದು ಕೊಡುವ ಮುಖಗವಸನ್ನು ರೂಪಿಸಿದುದು ಈ ಅಪಾಯವನ್ನು ತಪ್ಪಿಸುವುದಕ್ಕೆ. ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ, ಆಂಬ್ಯುಲೆನ್ಸಿನಲ್ಲಿ ಸಾಗಿಸುವ ೪೦೫ ರೋಗಿಗಳ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯಥೇಚ್ಛವಾಗಿ ಪ್ರಾಣವಾಯುವನ್ನು ಪಡೆದವರಲ್ಲಿ ನೂರಕ್ಕೆ ಒಂಬತ್ತು ಮಂದಿಯೂ, ೮೮ರಿಂದ ೯೨ರ ಮಿತಿಯಲ್ಲಿ ಪಡೆದವರಲ್ಲಿ ನಾಲ್ಕು ಮಂದಿಯೂ ಮೃತಪಟ್ಟರು. ಅಂಕಿಯನ್ನು ೯೮ಕ್ಕೆ ಏರಿಸಿದರೆ ಒಳ್ಳೆಯ ಮಗನೆಂದು ತಿಳಿಯುವವರು ಈ ಲೆಕ್ಕವನ್ನು ನೋಡಬೇಕು.

ಇಂಗಾಲಾಮ್ಲ ಏರಿದವರಿಗೆ ಬೇಕಾದುದು ಹೆಚ್ಚು ಪ್ರಾಣವಾಯುವಲ್ಲ, ಉಸಿರಿಗೆ ನೆರವು. ಮುಖಗವಸಿನ ಮೂಲಕ ಗಾಳಿಯನ್ನು ಒತ್ತಿ ಕೊಡುವ ಯಂತ್ರವು ರಾತ್ರಿಯಲ್ಲಿ ಆ ಸಡಿಲವಾದ ಖಂಡಗಳ ಕೆಲಸವನ್ನು ವಹ��ಸಿಕೊಳ್ಳುತ್ತದೆ. ಜರ್ಮನಿ ಮತ್ತು ಆಸ್ಟ್ರಿಯಗಳಲ್ಲಿ ಇಂಥ ೧೯೫ ಮಂದಿಯ ಮೇಲೆ ನಡೆದ, ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಮರಣವು ನೂರಕ್ಕೆ ೩೩ರಿಂದ ೧೨ಕ್ಕೆ ಇಳಿಯಿತು. ನನ್ನ ಮಿತ್ರರಿಗೂ ವೈದ್ಯರು ಕೊಟ್ಟುದು ಇದನ್ನೇ. ಮೊದಲ ವಾರ ಅವರು ಅದನ್ನು ಕಿತ್ತೆಸೆಯುತ್ತಿದ್ದರು, ಈಗ ಒಗ್ಗಿದ್ದಾರೆ. ಕಾಫಿಯನ್ನು ಆರು ಗಂಟೆಗೆ ಕುಡಿಯುತ್ತಾರೆ.

ಗೊರಕೆಯ ಸಂಗತಿಯೊಂದು ಉಳಿದಿದೆ. ಗಂಟಲು ಮುಚ್ಚಿ ಉಸಿರು ಕೆಲವು ಸೆಕೆಂಡು ನಿಂತು ಮತ್ತೆ ಬರುವ ಬೇನೆಯೂ ಕೆಲವರಲ್ಲಿ ಇದರೊಡನೆ ಸೇರಿರುತ್ತದೆ; ೧೯೮೫ರಲ್ಲಿ ಮೇಲೆ ಹೇಳಿದ ಫ್ಲೆನ್ಲಿಯವರು ಈ ಕೂಡಿಕೆಗೆ ಒಂದು ಹೆಸರನ್ನೇ ಕೊಟ್ಟರು. ಇಂಥವರ ರಾತ್ರಿಯ ಗೆರೆಯು ಕಣಿವೆಗಳಂತಿರದೆ ಗರಗಸದ ಹಲ್ಲುಗಳಂತಿರುತ್ತದೆ, ಚಿಕಿತ್ಸೆಯೂ ಬೇರೆ. ಇನ್ನು ನಿದ್ರೆಯ ಮಾತ್ರೆಗಳು. ಈ ರೋಗಿಗಳಿಗೆ ನಿದ್ರೆ ಸರಿಯಾಗಿ ಬಾರದೆಂಬುದು ನಿಜ. ಅಂಗಡಿಯಿಂದ ಮಾತ್ರೆಯೊಂದನ್ನು ತಂದುಕೊಡುವ ಬಂಧುಗಳೂ ಇರುತ್ತಾರೆ. ಆದರೆ ಅನೇಕ ನಿದ್ರಾಮಾತ್ರೆಗಳೂ, ಮಲಗುವ ಮುನ್ನ ಕುಡಿಯುವ ಮದ್ಯವೂ ಉಸಿರಿನ ಕೇಂದ್ರವನ್ನು ಮತ್ತಷ್ಟು ಮಂದಗೊಳಿಸುತ್ತವೆ. ಬೆಳಗಿನ ಜಾವ ಎದ್ದು ಕೂರುವವನನ್ನು ಅವು ಏಳದಂತೆ ಮಾಡುತ್ತವೆ. ವೈದ್ಯರು ಯೋಚಿಸಿ ಕೊಟ್ಟ ಹೊರತು ಮುಟ್ಟಬಾರದು.

ಮನೆಯಲ್ಲಿ ಕಾನ್ಸಂಟ್ರೇಟರನ್ನು ಇಟ್ಟುಕೊಳ್ಳಬೇಕಾಗಿ ಬಂದವರಿಗೆ ಒಂದೆರಡು ಸೂಚನೆಗಳು. ತಿರುಪನ್ನು ವೈದ್ಯರು ಹೇಳಿದ ಗೆರೆಯಲ್ಲಿಟ್ಟು, ಆ ಗೆರೆಗೆ ಒಂದು ಗುರುತು ಹಾಕಿಡಿ. ಪ್ರಾಣವಾಯುವು ತಾನು ಉರಿಯದು. ಆದರೆ ಉರಿಯುವುದನ್ನು ಪ್ರಚಂಡವಾಗಿ ಉರಿಸುತ್ತದೆ. ಆದುದರಿಂದ ಮೂಗಿನಲ್ಲಿ ಕೊಳವೆಯಿಟ್ಟುಕೊಂಡು ದೇವರ ಮುಂದೆ ದೀಪ ಹಚ್ಚುವುದಾಗಲಿ, ಊದುಬತ್ತಿಯ ಪಕ್ಕದಲ್ಲಿ ಕೂರುವುದಾಗಲಿ, ಗ್ಯಾಸಿನ ಒಲೆಯ ಮುಂದೆ ನಿಲ್ಲುವುದಾಗಲಿ ಕೂಡದು. ಬೀಡಿ ಸಿಗರೇಟುಗಳ ಮಾತಂತೂ ಎತ್ತಲೇಬಾರದು. ಮೂಗಿನ ಹೊಳ್ಳೆ ಒಣಗಿತೆಂದು ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಬೇಡಿ. ಯಂತ್ರವು ವಿದ್ಯುತ್ತಿನಿಂದ ನಡೆಯುವುದಾದುದರಿಂದ, ರಾತ್ರಿ ಕರೆಂಟು ಹೋದಾಗ ಬಳಸಲು ಒಂದು ಸಿಲಿಂಡರು ಸಿದ್ಧವಾಗಿರಲಿ. ಅದನ್ನು ತೆರೆಯುವ ಚಾವಿ ಎಲ್ಲಿದೆಯೆಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.